ಗೊರಕೆ ಬರೆಯುವ ಜಾಗ

ಗೇಟಿನ ಹೊರಗೆ ಟಂಟಂಗಳು ಸಾಲಾಗಿ ನಿಂತಿದ್ದವು. ತಿಂಗಳ ಒಂಬತ್ತನೇ ತಾರೀಖು. 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಹಟ್ಟಿಯ ಈ ಆಸ್ಪತ್ರೆಗೂ ಸುತ್ತಲ ಹಳ್ಳಿ, ತಾಂಡಾಗಳಿಂದ ಹೆಣ್ಣುಮಕ್ಕಳು ಬಂದಿದ್ದರು. ಹೆಚ್ಚಿನವರ ಜೊತೆ ತಾಯಿಯೋ ಅತ್ತೆಯೋ ಇದ್ದರು, ಗಂಡಂದಿರು ಕಡಿಮೆ. ಚಿನ್ನದ ಗಣಿಯ ಊರು, ರಾತ್ರಿ ಪಾಳಿ ಮುಗಿಸಿ ಬಂದವರು ಈ ಹೊತ್ತಿಗೆ ಮನೆಯಲ್ಲಿ ಮಲಗಿರಬಹುದು ಅಂದುಕೊಂಡೆ. ಹೊಲಕ್ಕೆ ಹೋದವರೂ ಇರಬಹುದು, ನಾನು ಕೇಳಲಿಲ್ಲ.

ಬಸುರಿಯ ನಿದ್ದೆಯ ಬಗ್ಗೆ ಇಲ್ಲಿ ಯಾರಾದರೂ ವಿಚಾರಿಸುತ್ತಾರೆಯೇ ಎಂದು ನೋಡುವುದಕ್ಕೇ ನಾನು ಬಂದಿದ್ದೆ.

ಚೀಟಿ ಬರೆಯುವ ಕಿಟಕಿ ದಾಟಿದರೆ ಒಂದು ಉದ್ದನೆಯ ಪಡಸಾಲೆ. ಬೆಂಚಿನ ಮೇಲಿದ್ದ ಒಬ್ಬರನ್ನು ಕೇಳಿ ಅವರ ತಾಯಿ ಕಾರ್ಡ್ ತೆರೆದು ನೋಡಿದೆ. ತೂಕ, ಬಿಪಿ, ಮೂತ್ರ, ಹಿಮೋಗ್ಲೋಬಿನ್, ಕಾಲಿನ ಬಾವು, ಮಗುವಿನ ಎದೆಬಡಿತ, ಎಲ್ಲಕ್ಕೂ ಜಾಗವಿದೆ. ಹೃದಯ ಮತ್ತು ಶ್ವಾಸಕೋಶ ಪರೀಕ್ಷಿಸಿ ಬರೆಯಲೂ ಸಾಲುಗಳಿವೆ. ನಿದ್ದೆ ಮಾತ್ರ ಎಲ್ಲೂ ಕಾಣಲಿಲ್ಲ.

ತೂಕದ ಯಂತ್ರದ ಮುಂದೆ ಚಪ್ಪಲಿಗಳ ರಾಶಿ. ಅದರಾಚೆ ಬಿಪಿ ಮೇಜು. ಸಿಸ್ಟರ್ ತೋಳಿಗೆ ಪಟ್ಟಿ ಸುತ್ತುತ್ತಾರೆ, ಸಂಖ್ಯೆ ಬರೆಯುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. 140/90 ಮುಟ್ಟಿದರೆ ಮಾತ್ರ ಕೂರಿಸಿ ಇನ್ನೊಮ್ಮೆ ನೋಡುತ್ತಾರೆ. ಬಸುರಿನಲ್ಲಿ ಮೈಯ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಹೃದಯ ನಿಮಿಷಕ್ಕೆ ತಳ್ಳುವ ರಕ್ತವೂ ಶೇ 30ರಿಂದ 50ರಷ್ಟು ಏರುತ್ತದೆ. ಇಷ್ಟು ದುಡಿಯುವ ಹೃದಯಕ್ಕೆ ರಾತ್ರಿಯಾದರೂ ಕೊಂಚ ಬಿಡುವು ಬೇಕು. ಆದರೆ ಅಳತೆಯೆಲ್ಲ ಹಗಲಿನದು, ಅದೂ ಕುರ್ಚಿಯಲ್ಲಿ ಕೂತಾಗಿನದು.

ಅದೇ ಮೇಜಿನ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು, ಕೊರೊನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದದ್ದು. ಒಬ್ಬಾಕೆ ದಮ್ಮು ಎಂದಳು. ಸಿಸ್ಟರ್ ಸಿಕ್ಕಿಸಿ ನೋಡಿದರು: 98. ಆಕೆಗೆ ಸಮಾಧಾನವಾಯಿತು, ನನಗೆ ಅಷ್ಟಾಗಿ ಆಗಲಿಲ್ಲ. ಎಚ್ಚರವಿದ್ದಾಗಿನ 98 ರಾತ್ರಿಯ ಸುದ್ದಿ ಹೇಳುವುದಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ಬೆರಳು ಚುಚ್ಚಿಸಿಕೊಳ್ಳುವವರ ಸಾಲು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ. ರಕ್ತ ಕಡಿಮೆಯಾದರೂ ದಮ್ಮು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆಯಾಸವಾಗುತ್ತದೆ. ಹೀಗಾಗಿ ರಾತ್ರಿಯ ತೊಂದರೆ ಇದ್ದರೂ ಅದು ರಕ್ತಹೀನತೆಯ ಲೆಕ್ಕಕ್ಕೇ ಹೋಗಿಬಿಡಬಹುದು.

ವೈದ್ಯೆಯ ಕೋಣೆಯಲ್ಲಿ ಒಂದು ಮೂಲೆ ಹಿಡಿದು ಕೂತೆ. ಅವರು ಕೇಳಿದ ಪ್ರಶ್ನೆಗಳು ಬಹುತೇಕ ಒಂದೇ: ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ಮಗು ಒದೆಯುತ್ತಾ. ಹೊರಗಿನ ಸಾಲು ನೋಡಿದರೆ ಇಷ್ಟು ಕೇಳುವುದೇ ಹೆಚ್ಚು. ಆಗ ಏಳು ತಿಂಗಳ ಬಸುರಿ ಮಗಳನ್ನು ಕರೆತಂದಿದ್ದ ತಾಯಿಯೊಬ್ಬಳು ತನ್ನದೇ ದೂರು ತೆಗೆದಳು.

“ರಾತ್ರಿ ನನಗ ನಿದ್ದಿ ಇಲ್ರಿ ಮೇಡಂ. ಈಕಿ ಗೊರಕಿ ಹೊಡದ್ರ ಮನಿ ನಡುಗತೈತಿ. ಮೊದಲ ಹಿಂಗ ಇದ್ದಿಲ್ರಿ.”

“ಸುಮ್ನಿರಬೇ ಯವ್ವಾ,” ಅಂದಳು ಮಗಳು.

ವೈದ್ಯೆ ಪೆನ್ನು ಕೆಳಗಿಟ್ಟರು. “ನಡುವ ಉಸಿರು ನಿಂತಂಗ ಆಗ್ತದೇನಮ್ಮ?”

“ಆಗ್ತೈತ್ರಿ. ಒಮ್ಮೆಲೇ ಗಪ್ಪಾಗತಾಳ. ಆಮ್ಯಾಲ ಗಕ್ಕನ ಉಸಿರು ಎಳಕೊಂತಾಳ.”

ಗಂಡನಿಗೆ ಇದು ಗೊತ್ತೇ ಎಂದು ಕೇಳಿದರೆ, ಅವನದು ರಾತ್ರಿ ಪಾಳಿ. ತವರಿಗೆ ಬಂದ ಮೇಲೆ ಮೊದಲು ಕೇಳಿಸಿಕೊಂಡವಳು ತಾಯಿ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಸಾಲಾಗಿ ಮಲಗುವ ಈ ಸೀಮೆಯಲ್ಲಿ ಗೊರಕೆ ಗುಟ್ಟೇನಲ್ಲ. ಆದರೂ ಹೆಂಗಸಿನ ಗೊರಕೆ ಎಂದರೆ ನಗು, ನಾಚಿಕೆ. ತಾಯಿಗೆ ನಿದ್ದೆ ಕೆಟ್ಟಿರದಿದ್ದರೆ ಈ ಮಾತು ಕೋಣೆಯೊಳಗೆ ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ವೈದ್ಯೆ ಹೇಳಿದ್ದನ್ನು, ನಾನು ಓದಿದ್ದನ್ನು ಸೇರಿಸಿ ಹೇಳುತ್ತೇನೆ. ಬಸುರಿನಲ್ಲಿ ಮೂಗಿನ ಒಳಪೊರೆ ಬಾಯುತ್ತದೆ, ಬೆಳೆದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಾಗಿ ದಾರಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ಆಮ್ಲಜನಕ ಇಳಿಯುತ್ತದೆ. ಮಿದುಳು ಎಬ್ಬಿಸಿದಾಗ ಎದೆಬಡಿತವೂ ಬಿಪಿಯೂ ಒಮ್ಮೆಲೇ ಏರುತ್ತವೆ. ರಾತ್ರಿಯಲ್ಲಿ ಇದು ಹಲವು ಸಲ ಆಗಬಹುದು, ಮಲಗಿದವಳಿಗೆ ನೆನಪೂ ಇರುವುದಿಲ್ಲ. ಅಮೆರಿಕದಲ್ಲಿ ಚೊಚ್ಚಲ ಬಸುರಿಯರ ನಿದ್ದೆಯನ್ನು ಅವರವರ ಮನೆಯಲ್ಲೇ ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳುಗಳಲ್ಲಿ ಶೇ 3.6ರಷ್ಟು, ನಡುವಿನ ತಿಂಗಳುಗಳಲ್ಲಿ ಶೇ 8.3ರಷ್ಟು ಹೆಂಗಸರಲ್ಲಿ ಈ ತೊಂದರೆ ಕಂಡಿತ್ತು. ಅಂಥವರಲ್ಲಿ ಬಸುರಿನ ಬಿಪಿ, ನಂಜು, ಸಕ್ಕರೆ ಕಾಯಿಲೆ ಹೆಚ್ಚಿದ್ದವು. ಗೊರಕೆಯ ತೊಂದರೆಯೇ ಬಿಪಿ ಏರಿಸುತ್ತದೋ, ಎರಡಕ್ಕೂ ಮೈತೂಕವೇ ಮೂಲವೋ ಎಂಬುದು ಪೂರ್ತಿ ಇತ್ಯರ್ಥವಾಗಿಲ್ಲ.

ಆಮೇಲೆ ವೈದ್ಯೆ ಕೇಳಿದ ಪ್ರಶ್ನೆ ನನಗೆ ಹೊಸದು. “ಅಂಗಾತ ಮಲಗಿದ್ರ ದಮ್ಮು ಹತ್ತಿ ಎದ್ದು ಕೂಡ್ತೀಯೇನಮ್ಮ?” ಹುಡುಗಿ ಇಲ್ಲವೆಂದಳು. ಇದು ಗೊರಕೆಯಲ್ಲ, ನೇರವಾಗಿ ಹೃದಯದ ಪ್ರಶ್ನೆ. ಚಿಕ್ಕಂದಿನಲ್ಲಿ ಬಂದ ಸಂಧಿವಾತ ಜ್ವರ ಹೃದಯದ ಕವಾಟ ಕೆಡಿಸಿರಬಹುದು. ಎಷ್ಟೋ ಹೆಂಗಸರಲ್ಲಿ ಅದು ಮೊದಲ ಸಲ ಗೊತ್ತಾಗುವುದೇ ಬಸುರಿನಲ್ಲಿ, ಹೆಚ್ಚಿದ ರಕ್ತವನ್ನು ಆ ಕವಾಟ ತಾಳದಿದ್ದಾಗ. ಹೌದು ಎಂದಿದ್ದರೆ ಎಕೋ ಮಾಡಿಸದೆ ಬಿಡುವಂತಿರಲಿಲ್ಲ. ಹೃದಯದ ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಕಲಬುರಗಿಯಲ್ಲಿ, ಇಲ್ಲಿಂದ ಬಸುರಿಯನ್ನು ಕರೆದೊಯ್ಯುವುದು ಸಣ್ಣ ಪ್ರಯಾಣವಲ್ಲ.

ಪಕ್ಕದ ವಾರ್ಡನ್ನೂ ಇಣುಕಿದೆ. ನಿದ್ದೆ ಅಳೆಯುವ ಯಂತ್ರವೇನೂ ಕಾಣಲಿಲ್ಲ, ಕಂಡೀತೆಂಬ ನಿರೀಕ್ಷೆಯೂ ಇರಲಿಲ್ಲ. ತಿರುಗಿ ಬಂದಾಗ ವೈದ್ಯೆ ಕಾರ್ಡಿನ ಅಂಚಿನಲ್ಲಿ, ಗೆರೆಗಳ ಹೊರಗೆ, ‘ಗೊರಕೆ, ಉಸಿರು ಕಟ್ಟುತ್ತದೆ’ ಎಂದು ಬರೆಯುತ್ತಿದ್ದರು. ಎಡಮಗ್ಗುಲಾಗಿ ಮಲಗಬೇಕು, ತಲೆ ಕಡೆ ಎತ್ತರ ಇರಬೇಕು, ಬಿಪಿ ವಾರಕ್ಕೊಮ್ಮೆ ನೋಡಿಸಬೇಕು. ಮತ್ತೆ, ಮಲಗಿದಾಗ ಫೋನಿನಲ್ಲಿ ವಿಡಿಯೊ ಮಾಡಿ ತರಬೇಕು. ರಾಯಚೂರಿಗೆ ಕಳಿಸುವುದಾದರೆ ಅಲ್ಲಿನ ವೈದ್ಯರಿಗೂ ತೋರಿಸಬಹುದು.

ಔಷಧಿ ಕಿಟಕಿಯಲ್ಲಿ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಕೊಟ್ಟರು. ಗೇಟಿನವರೆಗೂ ತಾಯಿ ಮಗಳ ಜಗಳ ಮುಗಿದಿರಲಿಲ್ಲ. ತಾಯಿಯದು ಬಟನ್ ಫೋನು, ವಿಡಿಯೊ ಆಗುವುದಿಲ್ಲ. ತಮ್ಮನ ಫೋನಿನಲ್ಲಿ ಮಾಡಿದರೆ ಅವನು ಊರಿಗೆಲ್ಲ ಕಳಿಸುತ್ತಾನೆಂದು ಮಗಳ ಹಟ. ಕೊನೆಗೆ ಜೊತೆಗಿದ್ದ ಆಶಾ ಕಾರ್ಯಕರ್ತೆ, ರಾತ್ರಿ ತನ್ನ ಫೋನ್ ಕೊಡುತ್ತೇನೆ, ಬೆಳಿಗ್ಗೆ ಮರೆಯದೆ ವಾಪಸ್ ಕೊಡಬೇಕು ಎಂದು ಇಬ್ಬರನ್ನೂ ಟಂಟಂ ಹತ್ತಿಸಿದಳು.