‘ಹಂಗಂದ್ರೇನಮ್ಮ?’ ಎಂದರು ದೊಡ್ಡಮ್ಮ

ಎಂಎಸ್‌ಡಬ್ಲ್ಯು ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು. ಕೈಯಲ್ಲಿ ಪಿಎಚ್‌ಕ್ಯು–9 ಎಂಬ ಪ್ರಶ್ನಾವಳಿ. ಖಿನ್ನತೆ ಅಳೆಯಲು ಅಮೆರಿಕದ ಸ್ಪಿಟ್ಜರ್, ಕ್ರೋಂಕೆ, ವಿಲಿಯಮ್ಸ್ ರೂಪಿಸಿದ್ದು. 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅನುಮತಿಯಿಲ್ಲದೆ ಅನುವಾದಿಸಬಹುದು ಎಂದು ಗೊತ್ತಾದದ್ದೇ ತಡ, ಒಂದೇ ರಾತ್ರಿಯಲ್ಲಿ ನಾನೇ ಕನ್ನಡಕ್ಕೆ ಇಳಿಸಿಬಿಟ್ಟೆ. ಕನ್ನಡದ ಆವೃತ್ತಿ ಆಗಲೇ ಇದೆಯೇ ಎಂದು ನೋಡುವ ವ್ಯವಧಾನವೂ ಇರಲಿಲ್ಲ!

ಮೊದಲ ಮನೆ ಹಿಂದಿನ ಬೀದಿಯ ದೊಡ್ಡಮ್ಮನದು. ಎರಡು ಪವರ್‌ಲೂಮ್. ಸದ್ದಿನ ನಡುವೆ ಕೂಗಿ ಓದಿದೆ: ‘ಕಳೆದ ಎರಡು ವಾರಗಳಲ್ಲಿ ನಿಮಗೆ ಖಿನ್ನತೆ, ಹತಾಶೆಯ ಭಾವನೆ ಉಂಟಾಗಿದೆಯೇ?’

‘ಹಂಗಂದ್ರೇನಮ್ಮ?’

‘ಪತ್ರಿಕೆ ಓದುವಾಗ ಏಕಾಗ್ರತೆ ಕಷ್ಟವಾಗುತ್ತಿದೆಯೇ?’

‘ನಾನ್ಯಾವಾಗ ಪೇಪರ್ ಓದ್ದೆ?’ ಎಂದು ನಕ್ಕರು.

ಒಟ್ಟು ಅಂಕ 4. ಅಂದರೆ ಏನೂ ತೊಂದರೆಯಿಲ್ಲ. ಚೀಟಿ ಮಡಚಿ ಏಳುವಾಗ ಕಾಫಿ ಕೊಡುತ್ತ ಅವರೇ ಹೇಳಿದರು: ‘ರಾತ್ರಿ ಮೂರಕ್ಕೇ ಎಚ್ಚರ ಆಗ್ತದೆ. ಎದೆ ಮೇಲೆ ಕಲ್ಲಿಟ್ಟಂಗೆ. ಎಳೆ ಕಡಿದ್ರೂ ಕಣ್ಣಿಗೆ ಬೀಳಲ್ಲ ಕಣಮ್ಮ.’

ಕಾಲೇಜಿನಲ್ಲಿ ನಮ್ಮ ಮೇಡಂ ಬೈಯಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ಜನರ ಮುಂದಿಟ್ಟು ‘ನಿಮಗೇನು ಅರ್ಥವಾಯಿತು’ ಎಂದು ಕೇಳಬೇಕು. ಕೊನೆಗೆ ಮನೋವೈದ್ಯರ ತಪಾಸಣೆಯ ಜೊತೆ ಅಂಕಗಳನ್ನು ತಾಳೆ ನೋಡಬೇಕು. ಸ್ಪ್ಯಾನಿಷ್ ಆದರೂ ಅಷ್ಟೇ, ಕನ್ನಡವಾದರೂ ಅಷ್ಟೇ.

ಪರೀಕ್ಷೆಗೆಂದು ‘ಖಿನ್ನತೆ’ಯ ಜಾಗದಲ್ಲಿ ‘ಬೇಜಾರು’ ಹಾಕಿ ಗೆಳತಿಗೆ ಕೊಟ್ಟೆ. ಅವಳ ಇಂಗ್ಲಿಷಿನಲ್ಲಿ ಅದು ‘ಬೋರ್ ಆಗ್ತಿದೆಯಾ’ ಎಂದಾಗಿ ವಾಪಸ್ ಬಂತು! ಬಾಣಂತಿಯರಿಗೆಂದು 1987ರಲ್ಲಿ ಬಂದ ಎಡಿನ್‌ಬರೋ ಮಾಪಕದಲ್ಲಿ, ಎಲ್ಲ ಕೈಮೀರುತ್ತಿದೆ ಎನ್ನುವುದಕ್ಕೆ ಇಂಗ್ಲಿಷಿನವರ ಒಂದು ನುಡಿಗಟ್ಟಿದೆ. ಪದಕ್ಕೆ ಪದ ಇಟ್ಟರೆ ‘ಎಲ್ಲ ನನ್ನ ಮೇಲೆ ಹತ್ತುತ್ತಿದೆ’ ಎಂದಾಗುತ್ತದೆ. ಯಾವ ಬಾಣಂತಿ ಉತ್ತರಿಸಿಯಾಳು?

ಸಿದ್ಧ ಕನ್ನಡ ಆವೃತ್ತಿ ಹಿಡಿದು ಮತ್ತೆ ಹೋದೆ. ಮಗ್ಗ ನಿಲ್ಲಿಸುವವರೆಗೆ ಕಾದೆ. ಎರಡು ವಾರ ಎಂಬುದನ್ನು ‘ಅಮಾವಾಸ್ಯೆಯಿಂದ ಈಚೆಗೆ’ ಎಂದೆ, ಅವತ್ತು ಹುಣ್ಣಿಮೆ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಮೊದಲ ಸಲ ಅದನ್ನು ಗೊಣಗಿ ದಾಟಿಸಿದ್ದೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ನೇರವಾಗಿ ಕೇಳು ಎಂದಿದ್ದರು ಮೇಡಂ. ಕೇಳಿದೆ. ದೊಡ್ಡಮ್ಮ ಸೆರಗಿನ ಅಂಚು ಸುತ್ತುತ್ತ ಕೂತರು. ‘ಒಂದೆರಡು ದಿನ ಬಂದಿತ್ತು.’

ಒಟ್ಟು 16. ಮಾತಿನ ನಡುವೆ ನಾನು ಸೇರಿಸಿದ ಉದಾಹರಣೆಗಳಿಂದಾಗಿ ಈ ಅಂಕವನ್ನು ಪ್ರಾಜೆಕ್ಟಿಗೆ ಸೇರಿಸುವಂತಿಲ್ಲ ಎಂದರು ಮೇಡಂ, ಆದರೆ ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು ಎಂದರು. ಅಂದೇ ಸಂಜೆ 14416ಕ್ಕೆ, ಟೆಲಿ ಮಾನಸ್‌ಗೆ, ದೊಡ್ಡಮ್ಮನಿಂದಲೇ ಫೋನ್ ಮಾಡಿಸಿದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಜೊತೆಗೆ ಹೋದೆ.

ಈಗ ಮಾತ್ರೆ ನಡೆಯುತ್ತಿದೆ. ಮೊನ್ನೆ ಬೀದಿಯಲ್ಲಿ ಸಿಕ್ಕವರು ಕೂಗಿ ಕೇಳಿದರು: ‘ಅವತ್ತು ಬರ್ಕೊಂಡೋದೆಯಲ್ಲ, ಪಾಸಾದ್ನಾ, ಫೇಲಾ?’