ಗುಂಡ್ಲುಪೇಟೆಯ ಗುಡಿ, ಉಪ್ಪೆಸರಿನ ಖಾರ

ಮದ್ದೂರೆಂದೊಡನೆ ವಡೆಯನ್ನು ಸ್ಮರಿಸುವ ರಸಿಕರಲ್ಲಿ ಮೊದಲೇ ಒಂದು ಅರಿಕೆ: ಆ ಕೀರ್ತಿ ಮಂಡ್ಯ ಜಿಲ್ಲೆಯ ಮದ್ದೂರಿಗೆ ಸಲ್ಲತಕ್ಕದ್ದು, ನಾವು ನಿಂತಿರುವುದು ಬಂಡೀಪುರದ ಅರಣ್ಯದಂಚಿನಲ್ಲಿ, ವಯನಾಡಿಗೆ ಹೋಗುವ ಹೆದ್ದಾರಿಯ ಮೇಲಣ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಲ್ಲಿ.

ಇಲ್ಲಿಂದ ಗುಂಡ್ಲುಪೇಟೆಗೆ ಬಂದರೆ, ಪೂರ್ವದಲ್ಲಿ ವಿಜಯಪುರವೆನಿಸಿದ್ದ ಆ ಪಟ್ಟಣದಲ್ಲಿ ವಿಜಯನಾರಾಯಣಸ್ವಾಮಿಯ ಪುರಾತನ ಗುಡಿಯೂ, 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರು ಇಲ್ಲಿಯೇ ದಿವಂಗತರಾದ ತಮ್ಮ ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ ಪರವಾಸುದೇವ ದೇವಾಲಯವೂ ಕಾಣಸಿಗುತ್ತವೆ. ಅರಸನೊಬ್ಬನ ವಿಜಯಸ್ತಂಭಕ್ಕಿಂತ ಮಗನೊಬ್ಬನ ಈ ಪಿತೃಋಣ ನನಗೆ ಹೆಚ್ಚು ಹೃದ್ಯವೆನಿಸಿತು.

ದರ್ಶನಾನಂತರ ಭೋಜನ. ಇಲ್ಲಿಯ ನಿಜವಾದ ಊಟವೆಂದರೆ ಮುದ್ದೆ, ಉಪ್ಪೆಸರು: ಕಾಳನ್ನೂ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಳುಮೆಣಸು, ಹುಣಿಸೆಹಣ್ಣುಗಳನ್ನು ನುಣ್ಣಗೆ ಅರೆದ ಖಾರವನ್ನು ತಟ್ಟೆಯಂಚಿನಲ್ಲಿರಿಸಿಕೊಂಡು, ನಾಲಗೆಗೆ ಒಪ್ಪುವಷ್ಟನ್ನೇ ಬೆರಳಿನಿಂದ ಕಟ್ಟಿಗೆ ಕಲಸುತ್ತ, ಹಬೆಯಾಡುವ ರಾಗಿಮುದ್ದೆಯನ್ನು ಮುರಿದು, ಅದ್ದಿ, ನುಂಗಬೇಕು. ಅಗಿಯತಕ್ಕದ್ದಲ್ಲ!

ಈ ಅಚ್ಚ ನಾಟಿ ಖಾರಕ್ಕೂ ದೂರದ ಸ್ಪೇನಿಗೂ ಒಂದು ನಂಟುಂಟು. 1492ರಲ್ಲಿ ಸ್ಪೇನಿನ ರಾಜದಂಪತಿಗಳ ಆಶ್ರಯದಲ್ಲಿ ಕೊಲಂಬಸನು ಕೈಗೊಂಡ ಯಾನದ ತರುವಾಯವೇ ಮೆಣಸಿನಕಾಯಿ ಅಮೆರಿಕದಿಂದ ಹೊರಬಿದ್ದು, ಪೋರ್ಚುಗೀಸರ ಹಡಗುಗಳನ್ನೇರಿ ನಮ್ಮ ಕರಾವಳಿಯನ್ನು ಸೇರಿದುದು. ಅದಕ್ಕೆ ಮುನ್ನ ನಮ್ಮವರಿಗೆ ಖಾರವೆಂದರೆ ಕಾಳುಮೆಣಸೇ. ವಿಜಯನಾರಾಯಣನ ಗುಡಿ ಕಟ್ಟಿದವರು ಈ ಕೆಂಪು ಕಾಯಿಯನ್ನು ಕಂಡವರೇ ಅಲ್ಲ.

ಕಡೆಗೊಂದು ಸೂಚನೆ: ಮದ್ದೂರಿನಾಚೆಯ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ವಯನಾಡಿನತ್ತ ಹೊರಡುವವರು ಊಟವನ್ನು ಹೊತ್ತಿಗೆ ಮುಂಚೆಯೇ ಮುಗಿಸಿಕೊಳ್ಳಿ.