ರಸ್ತೆಯ ನಕ್ಷೆಯಲ್ಲಿ ಗೆರೆಯ ನಿಖರತೆ: ಗಣಕಯಂತ್ರದ ಸಾಧನಗಳ ದೋಷಗಳೂ ಪರಿಹಾರಗಳೂ

ರಸ್ತೆಯೊಂದು ನೆಲದ ಮೇಲೆ ಮೂಡುವ ಮೊದಲು ನಕ್ಷೆಯಲ್ಲಿ ಮೂಡುತ್ತದೆ. ನಕ್ಷೆಯ ಆ ಗೆರೆ ಯಾರ ಹೊಲದ ಬದುವನ್ನು ದಾಟುತ್ತದೆ, ಎಷ್ಟು ಭೂಮಿ ರಸ್ತೆಗೆ ಸೇರುತ್ತದೆ, ವಾಹನವು ತಿರುವಿನಲ್ಲಿ ಸುಗಮವಾಗಿ ಸಾಗುತ್ತದೆಯೋ ಇಲ್ಲವೋ ಎಂಬುದೆಲ್ಲವೂ ಗೆರೆಯ ನಿಖರತೆಯನ್ನು ಅವಲಂಬಿಸಿದೆ. ದಿಕ್ಕಿನಲ್ಲಿ ಒಂದು ಮಿನಿಟು, ಎಂದರೆ ಒಂದು ಡಿಗ್ರಿಯ 60ನೆಯ ಒಂದು ಭಾಗ, ತಪ್ಪಿದರೆ ಒಂದು ಕಿಲೋಮೀಟರಿನ ಕೊನೆಯಲ್ಲಿ ಗೆರೆಯು 29 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಸರಿಯಾದ ಗೆರೆಗೂ ತಪ್ಪಿದ ಗೆರೆಗೂ ನಡುವೆ ಏರ್ಪಡುವ ತ್ರಿಕೋನದ ವಿಸ್ತೀರ್ಣ ಸುಮಾರು 145 ಚದರ ಮೀಟರ್. ಕನ್ನಡ ನಾಡಿನ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಗುಂಟೆ. ಸಣ್ಣ ಹಿಡುವಳಿಯ ರೈತನಿಗೆ ಒಂದೂವರೆ ಗುಂಟೆ ಅಲ್ಪವಾದುದಲ್ಲ.

ಹಿಂದೆ ಈ ಕಾರ್ಯವು ಟಿ-ಸ್ಕ್ವೇರ್, ಮೂಲೆಮಟ್ಟ, ಕೈವಾರಗಳ ಸಹಾಯದಿಂದ ನಕ್ಷೆಯ ಹಲಗೆಯ ಮೇಲೆ ನಡೆಯುತ್ತಿತ್ತು. 1982ರಲ್ಲಿ ಆಟೋಕ್ಯಾಡ್ ಹೊರಬಂದ ತರುವಾಯ ಆ ಸಾಧನಗಳು ಕ್ರಮೇಣ ಗಣಕಯಂತ್ರದ ಪರದೆಯನ್ನು ಸೇರಿದವು. ಅದರ ತಳಹದಿಯ ಮೇಲೆಯೇ ರಸ್ತೆ ಮೊದಲಾದ ಕಾಮಗಾರಿಗಳ ವಿನ್ಯಾಸಕ್ಕಾಗಿ ಸಿವಿಲ್ 3ಡಿ ಎಂಬ ತಂತ್ರಾಂಶ ರೂಪುಗೊಂಡಿತು. ಇವುಗಳಲ್ಲಿ ಪ್ರತಿಯೊಂದು ಬಿಂದುವೂ ಮೂರು ನಿರ್ದೇಶಾಂಕಗಳಿಂದ ಗುರುತಿಸಲ್ಪಡುತ್ತದೆ: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಎತ್ತರ ಎಷ್ಟು. ಇರುವ ಬಿಂದುವನ್ನೇ ತಪ್ಪದೆ ಹಿಡಿದುಕೊಡುವ ಸಾಧನಕ್ಕೆ ಆಬ್ಜೆಕ್ಟ್ ಸ್ನ್ಯಾಪ್ ಎಂದು ಹೆಸರು. ನಿಖರತೆಯ ದೋಷಗಳಲ್ಲಿ ಹಲವು ಇಲ್ಲಿಂದಲೇ ಆರಂಭವಾಗುತ್ತವೆ.

ಮೊದಲನೆಯದಾಗಿ, ಕಣ್ಣಿನ ದೋಷವನ್ನೂ ಗೆರೆಯ ದೋಷವನ್ನೂ ಬೇರ್ಪಡಿಸಬೇಕು. ವೃತ್ತವು ಪರದೆಯ ಮೇಲೆ ಮೂಲೆಮೂಲೆಯಾಗಿ ಕಂಡರೆ ಗಾಬರಿಗೆ ಕಾರಣವಿಲ್ಲ. ರೀಜೆನ್ ಆಜ್ಞೆ ಕೊಟ್ಟೊಡನೆ ಅದು ದುಂಡಗಾದರೆ, ಕೊರತೆಯಿದ್ದುದು ಚಿತ್ರಣದಲ್ಲಿ ಮಾತ್ರ. ಆದರೆ ಎರಡು ಗೆರೆಗಳು ಕೂಡಿದಂತೆ ಕಂಡು, ದೊಡ್ಡದು ಮಾಡಿ ನೋಡಿದಾಗ ನಡುವೆ ಸಂದು ತೋರಿದರೆ ಅದು ನಿಜವಾದ ದೋಷ. ಆಗ ಎಫ್3 ಕೀಲಿಯಿಂದ ಸ್ನ್ಯಾಪ್ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಅದು ಚಾಲನೆಯಲ್ಲಿದ್ದೂ ತಪ್ಪುವುದುಂಟು. ಗೆರೆಯ ಮೇಲಿನ ಯಾವುದೋ ಒಂದು ಸಮೀಪದ ಬಿಂದುವನ್ನು ಹಿಡಿಯುವ ‘ನಿಯರೆಸ್ಟ್’ ಎಂಬ ಆಯ್ಕೆ ಇತರ ಆಯ್ಕೆಗಳೊಡನೆ ತೆರೆದಿದ್ದರೆ, ಗೆರೆಯ ತುದಿಗೆ ಬದಲಾಗಿ ತುದಿಯ ಪಕ್ಕದ ಬಿಂದು ಸಿಕ್ಕಿಬಿಡಬಹುದು. ಬೇಕಾದ ಎರಡು ಮೂರು ಆಯ್ಕೆಗಳನ್ನಷ್ಟೇ ಇರಿಸಿಕೊಂಡು, ಬಿಂದುವನ್ನು ಹಿಗ್ಗಿಸಿ ನೋಡಿ ಹಿಡಿಯುವುದು ಲೇಸು.

ಎರಡನೆಯದು ಎತ್ತರದ ದೋಷ. ಮೋಜಣಿಯಿಂದ ಬಂದ ಬಿಂದುಗಳಿಗೆ ಎತ್ತರವಿರುತ್ತದೆ. ಪರದೆಯ ಮೇಲೆ ಕೈಯಿಂದ ಹಾಕಿದ ಬಿಂದುಗಳ ಎತ್ತರ ಸಾಮಾನ್ಯವಾಗಿ ಸೊನ್ನೆ. 640 ಮೀಟರ್ ಎತ್ತರದ ಬಿಂದುವಿನಿಂದ ಸೊನ್ನೆ ಎತ್ತರದ ಬಿಂದುವಿಗೆ ಗೆರೆ ಎಳೆದರೆ, ಮೇಲಿನಿಂದ ನೋಡಿದಾಗ 100 ಮೀಟರ್ ಕಾಣುವ ಗೆರೆಯ ನಿಜವಾದ ಉದ್ದ 648 ಮೀಟರ್ ಆಗುತ್ತದೆ. ಅಡ್ಡ ಹಾಯ್ದಂತೆ ಕಾಣುವ ಎರಡು ಗೆರೆಗಳ ಛೇದನ ಬಿಂದು ಸ್ನ್ಯಾಪಿಗೆ ಸಿಕ್ಕದಿರುವುದಕ್ಕೂ ಹಲವು ವೇಳೆ ಇದೇ ಕಾರಣ. ಡಿಸ್ಟ್ ಆಜ್ಞೆಯು ಎತ್ತರದ ವ್ಯತ್ಯಾಸವನ್ನೂ ತಿಳಿಸುತ್ತದೆ. ಓಸ್ನ್ಯಾಪ್‌ಝಡ್ ಎಂಬ ಬೆಲೆಯನ್ನು 1ಕ್ಕೆ ಇಟ್ಟರೆ ಸ್ನ್ಯಾಪ್ ಹಿಡಿದ ಬಿಂದುಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಕೆಲಸ ಮುಗಿದೊಡನೆ ಅದನ್ನು ಮರಳಿ ಸೊನ್ನೆಗೆ ತರಬೇಕು. ಮರೆತರೆ ಮುಂದೆ ಬೇಕಾಗುವ ನಿಜವಾದ ಎತ್ತರಗಳೂ ಕೈಬಿಡುತ್ತವೆ.

ಮೂರನೆಯದು ಕೋನದ ದೋಷ. ಮೋಜಣಿದಾರನು ಉತ್ತರದಿಂದ ಆರಂಭಿಸಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಕೋನವನ್ನು ಎಣಿಸುತ್ತಾನೆ. ಆಟೋಕ್ಯಾಡ್ ತನ್ನ ಮೂಲ ಏರ್ಪಾಟಿನಲ್ಲಿ ಪೂರ್ವದಿಂದ ಆರಂಭಿಸಿ ಅದಕ್ಕೆ ವಿರುದ್ಧವಾಗಿ ಎಣಿಸುತ್ತದೆ. 40 ಡಿಗ್ರಿ 30 ಮಿನಿಟುಗಳನ್ನು 40.30 ಎಂದು ಬರೆಯುವುದು ಇನ್ನೊಂದು ತಪ್ಪು; ದಶಾಂಶದಲ್ಲಿ ಅದು 40.50. ತಿರುವಿನ ತ್ರಿಜ್ಯ 300 ಮೀಟರ್ ಇದ್ದರೆ, ಸರಿಯಾದ ಕೋನಕ್ಕೆ ಸ್ಪರ್ಶರೇಖೆಯ ಉದ್ದ 110.68 ಮೀಟರ್, ತಪ್ಪಿದ ಕೋನಕ್ಕೆ 110.08 ಮೀಟರ್. ತಿರುವು ಆರಂಭವಾಗುವ ಸ್ಥಳವೇ 60 ಸೆಂಟಿಮೀಟರ್ ಜರುಗುತ್ತದೆ.

ನಾಲ್ಕನೆಯದು ದೊಡ್ಡ ಸಂಖ್ಯೆಗಳ ತೊಡಕು. ಯು.ಟಿ.ಎಂ. ಪದ್ಧತಿಯ 43ನೆಯ ವಲಯದ ಮಧ್ಯರೇಖೆಯಾದ 75 ಡಿಗ್ರಿ ಪೂರ್ವ ರೇಖಾಂಶವು ಧಾರವಾಡದ ಬಳಿಯಲ್ಲೇ ಹಾಯುತ್ತದೆ. ಅಲ್ಲಿನ ಬಿಂದುವಿನ ಪೂರ್ವಾಂಕ 5 ಲಕ್ಷ ಮೀಟರಿನ ಆಸುಪಾಸು, ಉತ್ತರಾಂಕ 17 ಲಕ್ಷ ಮೀಟರಿಗೂ ಮೇಲು. ಇಷ್ಟು ದೊಡ್ಡ ಸಂಖ್ಯೆಗಳಿಂದ ಪರದೆಯ ಚಿತ್ರ ಒಮ್ಮೊಮ್ಮೆ ನಡುಗಿದಂತೆ ತೋರುವುದೆಂದು ಕೆಲವರು ಇಡೀ ನಕ್ಷೆಯನ್ನು ಮೂಲಬಿಂದುವಿನ ಬಳಿಗೆ ಎಳೆದು ತರುತ್ತಾರೆ. ಆ ಕೂಡಲೇ ಅದು ಇತರರ ನಕ್ಷೆಗಳೊಡನೆ ಹೊಂದಾಣಿಕೆ ಕಳೆದುಕೊಳ್ಳುತ್ತದೆ. ನಕ್ಷೆಯನ್ನು ಕದಲಿಸದೆ, ಕೆಲಸಕ್ಕಾಗಿ ಬೇರೊಂದು ಸ್ಥಳೀಯ ನಿರ್ದೇಶಾಂಕ ಚೌಕಟ್ಟನ್ನು ಇಟ್ಟುಕೊಳ್ಳುವುದು ಯೋಗ್ಯ ಮಾರ್ಗ.

ಇದೇ ಪದ್ಧತಿಯಲ್ಲಿ ಅಡಗಿರುವ ಇನ್ನೊಂದು ಸೂಕ್ಷ್ಮವಿದೆ. ಮಧ್ಯರೇಖೆಯ ಮೇಲೆ ಅಳತೆಯ ಪ್ರಮಾಣ 0.9996, ಎಂದರೆ ಒಂದು ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ. ನೆಲವು ಸಮುದ್ರಮಟ್ಟದಿಂದ 700 ಮೀಟರ್ ಎತ್ತರದಲ್ಲಿದ್ದರೆ ಮತ್ತೂ 11 ಸೆಂಟಿಮೀಟರ್ ಕಳೆಯುತ್ತದೆ. ನೆಲದ ಮೇಲೆ ಅಳೆದ ಕಿಲೋಮೀಟರಿಗೂ ನಕ್ಷೆಯ ಕಿಲೋಮೀಟರಿಗೂ ಅರ್ಧ ಮೀಟರಿನ ಅಂತರ ಬಂದಾಗ ಯಂತ್ರವನ್ನು ದೂಷಿಸುವುದು ವ್ಯರ್ಥ. ನಕ್ಷೆ ಯಾವ ಪ್ರಮಾಣದಲ್ಲಿದೆ ಎಂಬುದನ್ನು ಅದರ ಮೇಲೆಯೇ ಸ್ಪಷ್ಟವಾಗಿ ನಮೂದಿಸಬೇಕು.

ಹೀಗೆ ಸ್ನ್ಯಾಪ್, ಎತ್ತರ, ಕೋನ, ನಿರ್ದೇಶಾಂಕ, ಪ್ರಮಾಣ ಎಂಬ ಕ್ರಮದಲ್ಲಿ ಪರೀಕ್ಷಿಸಿದರೆ ದೋಷದ ಬೇರು ಬಹುಪಾಲು ಕೈಗೆ ಸಿಕ್ಕುತ್ತದೆ. ಏಕಕಾಲಕ್ಕೆ ಹಲವನ್ನು ಬದಲಾಯಿಸದೆ ಒಂದೊಂದನ್ನೇ ಬದಲಾಯಿಸಿ ನೋಡುವುದು ಇಲ್ಲಿನ ಶಿಸ್ತು. ಕೊನೆಗೆ ತಿರುವಿನ ಲೆಕ್ಕವನ್ನು ಒಮ್ಮೆ ಕೈಯಿಂದಲೂ ಮಾಡಿ ತಾಳೆ ನೋಡಬೇಕು. ತ್ರಿಜ್ಯವನ್ನು ಅರ್ಧಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಸ್ಪರ್ಶರೇಖೆಯ ಉದ್ದ ದೊರೆಯುತ್ತದೆ. ಪ್ರೌಢಶಾಲೆಯ ತ್ರಿಕೋನಮಿತಿಯನ್ನು ಚೆನ್ನಾಗಿ ಕಲಿತವನಿಗೆ ಇದು ಎರಡು ನಿಮಿಷದ ಕೆಲಸ. ಯಂತ್ರವು ಕೊಟ್ಟ ಅಂಕಿಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆ ಅಂಕಿ ಸರಿಯೇ ಎಂದು ವಿಚಾರಿಸುವ ಹೊಣೆ ಮನುಷ್ಯನದು. ಕಾಯಕದಲ್ಲಿ ಶುದ್ಧಿ ಬೇಕೆಂದು ಶರಣರು ಬೋಧಿಸಿದ ನಾಡಿನಲ್ಲಿ, ಇತರರ ಭೂಮಿಯ ಮೇಲೆ ಗೆರೆ ಎಳೆಯುವವನ ಕಾಯಕಕ್ಕೆ ಆ ಶುದ್ಧಿ ಇನ್ನಷ್ಟು ಅಗತ್ಯ.